ಉಳಿದ ನಲವತ್ತೆರಡು

ಡಾಕ್ಟರು ಸೀಲು ಒತ್ತಿ ಬರೆದುಕೊಟ್ಟದ್ದು
ಶೇಕಡಾ ಐವತ್ತೆಂಟು.
ಬೀದಿಗೆ ಅಷ್ಟು ಸಾಲದು.
ಬೀದಿಗೆ ಬೇಕು ನೂರಕ್ಕೆ ನೂರು,
ಇಲ್ಲವೇ ಸೊನ್ನೆ.

ಮೂರು ಗಾಲಿ, ಒಂದು ಬ್ಯಾಟರಿ, ಮುಂದೊಂದು ಬುಟ್ಟಿ.
ರಾತ್ರಿ ಚಾರ್ಜಿಗಿಟ್ಟರೆ ನಿಟ್ಟುವಳ್ಳಿಯಿಂದ ತಾಲೂಕು ಕಚೇರಿಗೆ
ಹೋಗಿ ಬರುತ್ತದೆ.
ಎಮ್ಮೆ ನನಗಿಂತ ಮೊದಲು ತಲುಪುತ್ತದೆ, ಅದು ಬೇರೆ ಮಾತು.
ಬೇವಿನ ಮರದಡಿ ನನ್ನ ಮೇಜು:
ಖಾತೆ ಬದಲಾವಣೆ, ವಿಧವಾ ವೇತನ, ಪಹಣಿ ತಿದ್ದುಪಡಿ,
ಅರ್ಜಿಗೆ ಮೂವತ್ತು ರೂಪಾಯಿ.
‘ಮಾನ್ಯರೇ’ ಎಂದು ಶುರು ಮಾಡಿ
‘ತಮ್ಮ ವಿಶ್ವಾಸಿ’ಗೆ ಬರುವಷ್ಟರಲ್ಲಿ
ಅರ್ಜಿದಾರರು ಬಗ್ಗಿ ಗಾಲಿ ನೋಡಿರುತ್ತಾರೆ.
“ಸರ್ಕಾರದ್ದೇನವ್ವಾ? ಪುಕ್ಕಟೆ ಬಂತಾ?”
ಇನ್ನೂ ಹನ್ನೊಂದು ಕಂತು ಬಾಕಿ ಎಂದರೆ
ಅವರ ಮುಖ ಬಾಡುತ್ತದೆ.

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ
ಬುಲೆಟ್ಟು, ಲಾರಿ, ಹತ್ತಿ ಹೇರಿದ ಟ್ರ್ಯಾಕ್ಟರು, ಶಾಲೆಯ ಆಟೋ,
ಆ ಏಳು ನಿಮಿಷ ಊರಿನಲ್ಲಿ ಯಾರಿಗೂ ಕಾಲಿಲ್ಲ.
ಹೊತ್ತು ಹೋಗದವರಿಗೆ ನನ್ನ ಕಾಲು ಬೇಕಾಗುತ್ತದೆ.
“ಹುಟ್ಟಿದಾಗಿಂದ್ಲೋ, ನಡುವೆ ಬಂದದ್ದೋ?”
“ಎಳ್ಳೆಣ್ಣಿ ಹಚ್ಚಿ ನೋಡ್ರಿ, ನಮ್ಮ ಭಾವಗ ಗುಣ ಆತು.”
“ಪಾಪ, ನೋಡಾಕ ಲಕ್ಷಣ ಐತಿ.”
ನಾನು ಗೂಡ್ಸಿನ ಡಬ್ಬಿ ಎಣಿಸುತ್ತೇನೆ.
ಐವತ್ತೆಂಟು.
ಆಮೇಲೊಂದು ಗಾರ್ಡಿನ ಡಬ್ಬಿ, ಹಸಿರು ಬಾವುಟ.

ಮಂಗಳವಾರ ದುರ್ಗಮ್ಮನ ಗುಡಿಯ ಹೊರಗೆ
ಒಳಗೆ ಹೋದ ನಾದಿನಿಗೆ ಕಾಯುತ್ತಿದ್ದೆ.
ಬುಟ್ಟಿಯ ಕರಿಬೇವಿನ ಮೇಲೆ ಟಪ್ಪೆಂದು ಐದರ ಬಿಲ್ಲೆ.
“ಅಕ್ಕಾ, ನಿಮ್ಮ ದುಡ್ಡು ಬಿತ್ತು” ಎಂದು ಕೂಗಿದೆ.
ಆಕೆ ತಿರುಗಿ ಕೈ ಮುಗಿದಳು,
ಅಮ್ಮನಿಗೋ, ನನಗೋ.

ಕಿರಾಣಿ ಅಂಗಡಿ. ಮೇಲಿನ ಹಲಗೆಯಲ್ಲಿ ಸೀಗೆಪುಡಿ.
ಎರಡು ಸಲ ಕೇಳಿದೆ, ಹುಡುಗ ಫೋನಿನಲ್ಲಿದ್ದ.
ಎದ್ದೆ.
ಒಂದು. ಎರಡು. ಮೂರು. ನಾಲ್ಕು ಹೆಜ್ಜೆ.
ತೆಗೆದುಕೊಂಡೆ.
ಅಂಗಡಿಗೆ ಅಂಗಡಿಯೇ ಸುಮ್ಮನಾಯಿತು.
“ಏ ನೋಡ್ಲೇ, ಎದ್ದು ನಿಂತ್ಲು!”
“ನಾಟಕ ಕಂಪನಿ ಊರು ಬಿಟ್ಟಿಲ್ಲ ಹಂಗಾರ.”
ಅರೆಗಳಿಗೆ ಹಿಂದೆ ‘ಪಾಪ’ ಅಂದದ್ದೂ ಅದೇ ಬಾಯಿ.
ಕೊಟ್ಟ ಪಾಪವನ್ನು ಬಡ್ಡಿ ಸಮೇತ ವಾಪಸು ಕೇಳಿತು.
ಆ ನಾಲ್ಕು ಹೆಜ್ಜೆಗೆ
ಸೊಂಟ ರಾತ್ರಿಯಿಡೀ ಕಟ್ಟುವ ದಂಡಕ್ಕೆ
ರಸೀದಿ ಯಾರು ಕೊಡುತ್ತಾರೆ?

ಉಳಿದ ನಲವತ್ತೆರಡರ ಮಾತು
ಪ್ರಮಾಣಪತ್ರದಲ್ಲಿಲ್ಲ.
ಅದರೊಳಗೆ ಬಚ್ಚಲ ಹೊಸ್ತಿಲು ದಾಟುವುದಿದೆ,
ಅಕ್ಕನ ಮಗಳಿಗೆ ಆರತಿ ಎತ್ತುವಷ್ಟು ಹೊತ್ತಿದೆ,
ನಾಟಕ ಅಂದವನು ನಾಳೆ ಮೇಜಿಗೆ ಬಂದರೆ
ಅವನ ಹೆಸರಿನ ಒಂದು ದೀರ್ಘ ನುಂಗಿ
ಆರು ತಿಂಗಳು ಅಲೆದಾಡಿಸುವ
ಕೆಟ್ಟ ಬುದ್ಧಿಯೂ ಇದೆ. ಬರೆಯುವುದಿಲ್ಲ.
ಇದೆ, ಅಷ್ಟೆ.

ಶನಿವಾರ ಮಂಡಕ್ಕಿ ಭಟ್ಟಿಗೆ ಹೋಗಿದ್ದೆ.
ಕಾದ ಮರಳು, ಹೊಗೆ, ಚಟಪಟ.
ಹೊಗೆಯೊಳಗಿಂದ ದಾದಾಪೀರ್ ಕಿರುಚಿದ:
“ಯವ್ವಾ, ಎಲ್ಲಿ ತಂದು ನಿಲ್ಲಿಸೀದಿ ಗಾಡೀನ?
ಚೀಲ ಎಳ್ಯಾದು ಹ್ಯಾಂಗ? ಕಣ್ಣು ಕಾಣ್ತಾವಿಲ್ಲೋ?”

ಕಣ್ಣು!
ಕಾಲಿನ ಸುದ್ದಿಯೇ ಇಲ್ಲ.
ಎಷ್ಟು ವರ್ಷವಾಗಿತ್ತು ಇಂಥ ಬೈಗುಳ ತಿಂದು.
“ರಸ್ತೆ ಏನ್ ನಿಮ್ಮಪ್ಪಂದಾ?” ಎಂದೆ.
ಹೊಟ್ಟೆ ತುಂಬ ಜಗಳಾಡಿದೆವು.
ಪೀಂ ಪೀಂ ಅನ್ನಿಸುತ್ತ ಗಾಡಿ ಹಿಂದಕ್ಕೆ ತೆಗೆದೆ.
ಒಂದು ಹಿಡಿ ಹೆಚ್ಚು ಹಾಕಲಿಲ್ಲ ಅವನು,
ಒಂದು ರೂಪಾಯಿ ಬಿಡಲೂ ಇಲ್ಲ.

ಬರುವಾಗ ಮತ್ತೆ ಗೇಟು ಬಿದ್ದಿತ್ತು.
ಪಕ್ಕದ ಬುಲೆಟ್ಟಿನವನು ಎಂಜಿನ್ನು ಆರಿಸಿ,
ಗಾಲಿ ನೋಡಿ, ಕಾಲು ನೋಡಿ,
ಗಂಟಲು ಸರಿ ಮಾಡಿಕೊಂಡ.
ಪೊಟ್ಟಣ ಬಿಚ್ಚಿ ಮುಂದೆ ಹಿಡಿದೆ:
“ತಗೊಳ್ರೀ, ಇನ್ನೂ ಬಿಸಿ ಐತಿ.”
ದೊಡ್ಡ ಮುಷ್ಟಿಯೇ ತೆಗೆದುಕೊಂಡ.
ರೈಲು ದಾಟುವವರೆಗೂ
ಅವನ ಬಾಯಿ ತುಂಬಿತ್ತು.